ಶಾತೋ-ಶಾಲೋನ್ ಗ್ರಾಮದ ದ್ರಾಕ್ಷಿಯೂ ಅದರ ಹಳದಿ ವೈನೂ

(ಹಿಡುವಳಿದಾರರ ಮತ್ತು ಗ್ರಾಮ ಮುಖಂಡರ ಸಭೆಗಾಗಿ ಬರೆದ ಉಪನ್ಯಾಸ)



ಫ್ರಾನ್ಸ್ ದೇಶದ ಪೂರ್ವದ ಅಂಚಿನಲ್ಲಿ, ಸ್ವಿಟ್ಸರ್ಲೆಂಡಿನ ಗಡಿಗೆ ಸಮೀಪವಾಗಿ, ಜುರಾ ಎಂಬ ಬೆಟ್ಟಸೀಮೆಯೊಂದು ಇರುವುದು. ಆ ಸೀಮೆಯ ಮುಖ್ಯ ಪಟ್ಟಣವಾದ ಲೋನ್ಸ್-ಲೆ-ಸೋನಿಯೆಯಿಂದ ಉತ್ತರಕ್ಕೆ ಕೆಲವು ಮೈಲಿ ಹೋದರೆ ಶಾತೋ-ಶಾಲೋನ್ ಎಂಬ ಹಳ್ಳಿ ಸಿಕ್ಕುತ್ತದೆ. ಅಲ್ಲಿಯ ಜನಸಂಖ್ಯೆ ಇನ್ನೂರನ್ನೂ ಮುಟ್ಟುವುದಿಲ್ಲ. ಆ ಹಳ್ಳಿಯ ಹೆಸರಿನಲ್ಲಿ ವೈನು ಮಾಡುವ ಹಕ್ಕುಳ್ಳ ದ್ರಾಕ್ಷಿತೋಟಗಳನ್ನೆಲ್ಲ ಒಟ್ಟುಗೂಡಿಸಿದರೂ ಸುಮಾರು 50 ಹೆಕ್ಟೇರು, ಎಂದರೆ 125 ಎಕರೆಯಷ್ಟಾಗುವುದು. ಸಾಧಾರಣವಾದ ಒಂದು ಊರಕೆರೆಯ ಅಚ್ಚುಕಟ್ಟು ಇದಕ್ಕಿಂತ ದೊಡ್ಡದಾಗಿರುವುದುಂಟು. ಶಾಂಪೇನ್, ಬೋರ್ಡೋ ಮುಂತಾದ ಹೆಸರುಗಳನ್ನು ಕೇಳಿದವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಶಾತೋ-ಶಾಲೋನಿನ ಹೆಸರನ್ನು ಫ್ರಾನ್ಸಿನ ಹೊರಗೆ ಕೇಳಿದವರು ವಿರಳ.

ಹೀಗಿದ್ದರೂ ಆ ಹಳ್ಳಿಯ ಬೆಳೆಗಾರರು ನಡೆದುಕೊಂಡು ಬಂದಿರುವ ರೀತಿಯಲ್ಲಿ, ಭೂಮಿಯನ್ನು ನಂಬಿದ ಯಾವ ದೇಶದ ಒಕ್ಕಲಿಗನೂ ಗಮನಿಸತಕ್ಕ ಒಂದು ಸಂಗತಿಯಿದೆ. 1974, 1980, 1984 ಮತ್ತು 2001, ಈ ನಾಲ್ಕು ವರ್ಷಗಳಲ್ಲಿ ತೋಟಗಳಲ್ಲಿ ದ್ರಾಕ್ಷಿ ಬಿಟ್ಟಿತ್ತು, ಕೊಯ್ಲಿಗೂ ಬಂದಿತ್ತು, ಕೊಳ್ಳುವವರೂ ಇದ್ದರು. ಆದರೂ ಬೆಳೆಗಾರರು ತಾವಾಗಿಯೇ ಒಟ್ಟುಗೂಡಿ, ಈ ವರ್ಷದ ಫಸಲು ಊರಿನ ಹೆಸರಿಗೆ ತಕ್ಕುದಲ್ಲವೆಂದು ನಿಶ್ಚಯಿಸಿ, ಆ ಹೆಸರಿನಲ್ಲಿ ಒಂದು ಸೀಸೆಯನ್ನೂ ಮಾರದೆ ಬಿಟ್ಟರು. ಸರ್ಕಾರದ ಯಾವ ಅಧಿಕಾರಿಯೂ ಬಲವಂತ ಮಾಡಿದ್ದಿಲ್ಲ. ಕೈಗೆ ಬಂದ ಹಣವನ್ನು ಹೀಗೆ ಬಿಟ್ಟುಕೊಡುವುದಕ್ಕೆ ಕಾರಣವೇನು, ಬಿಟ್ಟುಕೊಟ್ಟ ಮೇಲೆ ಆ ಸಂಸಾರಗಳು ಬದುಕಿದ್ದು ಹೇಗೆ ಎಂಬುದೇ ಈ ಉಪನ್ಯಾಸದ ವಿಷಯ.

ವೈನಿನ ಮಾತೆತ್ತಿದೊಡನೆ ಇದು ಪಾನದ ಪ್ರಶಂಸೆಯೆಂದು ಯಾರೂ ಭಾವಿಸತಕ್ಕದ್ದಲ್ಲ. ಕುಡಿಯುವುದು ಬಿಡುವುದು ಅವರವರ ಧರ್ಮಕ್ಕೂ ಮನೆತನಕ್ಕೂ ಸೇರಿದ್ದು. ಇಲ್ಲಿ ಹೇಳಬೇಕಾಗಿರುವುದು ಮಣ್ಣು, ಬಳ್ಳಿ, ಪೀಪಾಯಿ ಮತ್ತು ಊರಿನ ಹೆಸರು ಇವುಗಳ ವಿಚಾರ ಮಾತ್ರ.

ಮೊದಲು ನೆಲದ ಸಂಗತಿ. ಹಳ್ಳಿಯಿರುವುದು ಸುಣ್ಣಕಲ್ಲಿನ ಒಂದು ದೊಡ್ಡ ಬಂಡೆಯ ನೆತ್ತಿಯ ಮೇಲೆ. ತೋಟಗಳಿರುವುದು ಆ ಬಂಡೆಯ ಕಾಲಡಿಯ ಇಳಿಜಾರಿನಲ್ಲಿ. ಅದಕ್ಕೂ ಕೆಳಗೆ ಸೇಯ್ ಎಂಬ ಸಣ್ಣ ಹೊಳೆ ಹರಿಯುತ್ತದೆ. ಬಂಡೆಯ ಗೋಡೆ ತಣ್ಣನೆಯ ಗಾಳಿಯನ್ನು ತಡೆದು, ಹಗಲಿನಲ್ಲಿ ಹೀರಿದ ಬಿಸಿಲಿನ ಕಾವನ್ನು ಸಂಜೆಯಲ್ಲಿ ಬಳ್ಳಿಗಳಿಗೆ ಹಿಂದಿರುಗಿಸುವುದು. ಇಳಿಜಾರಿನ ಮಣ್ಣು ನೀಲಿ ಬೂದುಬಣ್ಣದ, ಸುಣ್ಣ ಬೆರೆತ ಜೇಡಿ. ಮೇಲಿನ ಬಂಡೆಯಿಂದ ಸಹಸ್ರಾರು ವರ್ಷ ಉದುರಿದ ಕಲ್ಲುಚೂರುಗಳು ಇದರಲ್ಲಿ ಬೆರೆತಿರುವುದರಿಂದ ಮೇಲ್ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ಆಳದ ಜೇಡಿ ಮಾತ್ರ ತೇವವನ್ನು ಹಿಡಿದಿಟ್ಟುಕೊಳ್ಳುವುದು. ರಾಗಿಗಾಗಲಿ ಗೋಧಿಗಾಗಲಿ ಇಂತಹ ಕಡಿದಾದ ನೆಲವನ್ನು ಯಾರೂ ಬಯಸರು. ದ್ರಾಕ್ಷಿ ಬಯಸುತ್ತದೆ.

ಆದರೆ ಈ ಮಣ್ಣಿಗೆ ಒಂದು ದೊಡ್ಡ ದೋಷವುಂಟು. ಜೋರುಮಳೆ ಬಿದ್ದರೆ ಜೇಡಿ ಉಬ್ಬಿ ಜಾರಿ ಕೆಳಕ್ಕೆ ಇಳಿದುಹೋಗುವುದು. ಹಿಂದಿನ ಕಾಲದಲ್ಲಿ ಅಲ್ಲಿಯ ಒಕ್ಕಲುಗಳು ಕೊಚ್ಚಿಹೋದ ಮಣ್ಣನ್ನು ಚಳಿಗಾಲದಲ್ಲಿ ಬೆನ್ನುಬುಟ್ಟಿಗಳಲ್ಲಿ ತುಂಬಿ ಪುನಃ ಮೇಲಕ್ಕೆ ಹೊತ್ತು ಹಾಕುತ್ತಿದ್ದರು. ವರ್ಷವೂ ಕೆಳಗಿಳಿಯುವ ಮಣ್ಣು, ವರ್ಷವೂ ಮೇಲಕ್ಕೇರುವ ಬುಟ್ಟಿ. ಬದು ಹಾಕದೆ ಇಳಿಜಾರನ್ನು ಉಳುವವರು ಈ ಬುಟ್ಟಿಯ ಭಾರವನ್ನು ಒಮ್ಮೆ ಊಹಿಸಿಕೊಳ್ಳಬಹುದು. ಈಚೆಗೆ ಅಲ್ಲಿಯ ಅನೇಕ ತೋಟಗಳಲ್ಲಿ ಸಾಲುಗಳ ನಡುವೆ ಹುಲ್ಲು ಬೆಳೆಯಬಿಟ್ಟು ಮಣ್ಣನ್ನು ಹಿಡಿದು ನಿಲ್ಲಿಸುತ್ತಾರೆ.

ಈ ನೆಲದಲ್ಲಿ ಊರಿನ ಹೆಸರಿಗಾಗಿ ಬೆಳೆಯಬಹುದಾದ ದ್ರಾಕ್ಷಿ ಒಂದೇ ಜಾತಿ. ಅದರ ಹೆಸರು ಸವಾನ್ಯಾಂ. ಬಿಳಿಯ ಜಾತಿ, ಗೊಂಚಲು ಚಿಕ್ಕದು, ಕಾಯಿ ಚಿಕ್ಕದು, ಸಿಪ್ಪೆ ದಪ್ಪ, ಹುಳಿ ಹೆಚ್ಚು, ಇಳುವರಿ ಕಡಿಮೆ. ಉಳಿದ ಜಾತಿಗಳ ಕೊಯ್ಲು ಮುಗಿದ ಮೇಲೂ ಇದನ್ನು ಬಳ್ಳಿಯಲ್ಲಿಯೇ ಬಿಟ್ಟು, ಅಕ್ಟೋಬರ್ ತಿಂಗಳಲ್ಲಿ ಬೆಟ್ಟದ ಮೇಲೆ ಮಂಜು ಕವಿಯುವ ಹೊತ್ತಿಗೆ ಕೀಳುವುದು ವಾಡಿಕೆ. ಅಷ್ಟು ದಿನ ಕಾದರೆ ಕಾಯಿಯಲ್ಲಿ ಸಕ್ಕರೆ ಸೇರುವುದು. ಕಾಯುತ್ತಿರುವಾಗ ಮಳೆ ಹಿಡಿದರೆ ಕೊಳೆಯುವುದು. ಗ್ರಾಮದಲ್ಲಿ ಪುರಾತನ ಕಾಲದಿಂದ ಕುಲೀನ ಮನೆತನಗಳ ಸ್ತ್ರೀಯರ ಒಂದು ಕ್ರೈಸ್ತ ಸಂನ್ಯಾಸಿನಿಯರ ಮಠವಿದ್ದು, ಆ ಮಠದವರೇ ಈ ಜಾತಿಯನ್ನು ದೂರದೇಶದಿಂದ ತರಿಸಿ ನೆಡಿಸಿದರೆಂದು ಜನ ಹೇಳುವರು. ಮಠವಿದ್ದುದು ನಿಜ, 1789ರ ಕ್ರಾಂತಿಯ ತರುವಾಯ ಅದು ಮುಚ್ಚಿಹೋದುದೂ ನಿಜ. ದ್ರಾಕ್ಷಿ ತರಿಸಿದ ಕಥೆ ಮಾತ್ರ ಎಲ್ಲ ಊರುಗಳ ಸ್ಥಳಪುರಾಣದಂತಹುದೇ. ಸಸ್ಯಶಾಸ್ತ್ರಜ್ಞರು ಈಚೆಗೆ ಪರೀಕ್ಷಿಸಿ ನೋಡಿ, ಸವಾನ್ಯಾಂ ಎಂಬುದು ಜರ್ಮನ್ ಭಾಷೆಯಾಡುವ ಸೀಮೆಗಳಲ್ಲಿ ಟ್ರಾಮೀನರ್ ಎಂದು ಕರೆಯುವ ಹಳೆಯ ಜಾತಿಯೇ ಎಂದು ಸ್ಥಿರಪಡಿಸಿದ್ದಾರೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಜುರಾ ಸೀಮೆಯಲ್ಲೆಲ್ಲ ಸುಮಾರು 20,000 ಹೆಕ್ಟೇರು, ಎಂದರೆ 50,000 ಎಕರೆಯಷ್ಟು ದ್ರಾಕ್ಷಿತೋಟವಿತ್ತು. ಈಗ ಉಳಿದಿರುವುದು ಅದರ ಹತ್ತನೆಯ ಒಂದು ಪಾಲು. ಈ ನಾಶಕ್ಕೆ ಮೊದಲ ಕಾರಣ ಕಣ್ಣಿಗೆ ಸರಿಯಾಗಿ ಕಾಣದ ಒಂದು ಹೇನು. ಫಿಲಾಕ್ಸರಾ ಎಂಬ ಈ ಕೀಟ ಅಮೆರಿಕದಿಂದ ತರಿಸಿದ ಬಳ್ಳಿಗಳೊಡನೆ ಫ್ರಾನ್ಸಿಗೆ ಬಂದಿತು. 1863ರ ಸುಮಾರಿನಲ್ಲಿ ದಕ್ಷಿಣದ ತೋಟಗಳು ಕಾರಣ ತಿಳಿಯದೆ ಒಣಗಲಾರಂಭಿಸಿದವು. 1868ರಲ್ಲಿ ಪ್ಲಾಂಶೋನ್ ಎಂಬ ಸಸ್ಯಶಾಸ್ತ್ರಜ್ಞರೂ ಅವರ ಜೊತೆಯವರೂ ಒಣಗುತ್ತಿದ್ದ ಬಳ್ಳಿಯ ಬೇರನ್ನು ಅಗೆದು ನೋಡಿ ಹೇನನ್ನು ಕಂಡುಹಿಡಿದರು. ಅವರಿಗಿಂತ ಮುಂಚೆ ಪರೀಕ್ಷಿಸಿದವರು ಸತ್ತ ಬಳ್ಳಿಗಳನ್ನು ಅಗೆದಿದ್ದರಂತೆ. ಸತ್ತ ಬೇರಿನಲ್ಲಿ ಹೇನು ಇರುವುದಿಲ್ಲ. ಆಹಾರ ಮುಗಿದೊಡನೆ ಅದು ಪಕ್ಕದ ಜೀವಂತ ಬಳ್ಳಿಗೆ ಹೋಗಿಬಿಟ್ಟಿರುತ್ತದೆ. ಗಿಡಗಳ ಸೊರಗುರೋಗವನ್ನು ಪರೀಕ್ಷಿಸುವವರು ಈ ಮಾತನ್ನು ನೆನಪಿನಲ್ಲಿಡತಕ್ಕದ್ದು: ರೋಗದ ಮೂಲವನ್ನು ಅರೆಸತ್ತ ಗಿಡದಲ್ಲಿ ಹುಡುಕಬೇಕು.

ಯೂರೋಪಿನ ಬಳ್ಳಿಯ ಬೇರು ಈ ಹೇನಿನ ಕಡಿತವನ್ನು ತಡೆಯಲಾರದು. ಅಮೆರಿಕದ ಕಾಡುದ್ರಾಕ್ಷಿಯ ಬೇರು ತಡೆಯಬಲ್ಲುದು. ಆದ್ದರಿಂದ ಅಮೆರಿಕದ ಬೇರಿನ ಮೇಲೆ ಯೂರೋಪಿನ ಕೊಂಬೆಯನ್ನು ಕಸಿ ಕಟ್ಟುವುದೇ ಉಳಿದ ಮಾರ್ಗವಾಯಿತು. ಹೇಳುವಷ್ಟು ಸುಲಭವಾಗಿ ಇದು ನಡೆಯಲಿಲ್ಲ. ಸುಣ್ಣದ ಅಂಶ ಹೆಚ್ಚಾಗಿರುವ ಮಣ್ಣಿನಲ್ಲಿ ಅಮೆರಿಕದ ಬೇರುಗಳು ಒಗ್ಗದೆ, ಎಲೆಗಳು ಹಳದಿಯಾಗಿ ಬಳ್ಳಿ ಕುಗ್ಗುತ್ತಿತ್ತು. 1887ರಲ್ಲಿ ಫ್ರೆಂಚ್ ಸರ್ಕಾರದವರು ವಿಯಾಲಾ ಎಂಬ ಪಂಡಿತರನ್ನು ಅಮೆರಿಕಕ್ಕೆ ಕಳುಹಿಸಿದರು. ಸುಣ್ಣದ ಮಣ್ಣಿನಲ್ಲಿ ತಾನಾಗಿಯೇ ಬೆಳೆಯುವ ಕಾಡುಬಳ್ಳಿಗಳು ಟೆಕ್ಸಾಸ್ ಪ್ರಾಂತ್ಯದಲ್ಲಿ ಇರುವುದನ್ನು ಅವರು ಕಂಡರು. ಅಂತಹ ಬಳ್ಳಿಯ ಜೊತೆ ಯೂರೋಪಿನ ದ್ರಾಕ್ಷಿಯನ್ನು ಮಿಶ್ರಮಾಡಿ, ಸುಣ್ಣಕ್ಕೆ ಬಗ್ಗದ ಬೇರುಜಾತಿಯನ್ನು ಸಿದ್ಧಪಡಿಸಿದವರಲ್ಲಿ ಮಿಲ್ಲಾರ್ದೆ ಎಂಬವರು ಮುಖ್ಯರು. ಇವರು 1838ರಲ್ಲಿ ಹುಟ್ಟಿದ್ದು ಇದೇ ಜುರಾ ಸೀಮೆಯ ಒಂದು ಹಳ್ಳಿಯಲ್ಲಿ.

ಮಿಲ್ಲಾರ್ದೆಯವರ ಹೆಸರನ್ನು ಅರಿಯದಿದ್ದರೂ ಅವರ ಇನ್ನೊಂದು ಕೆಲಸವನ್ನು ಅರಿಯದ ಅಡಕೆ ಬೆಳೆಗಾರನಿಲ್ಲ. ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿಯನ್ನು ಕದಿಯದಿರಲೆಂದು, ದಾರಿಯ ಪಕ್ಕದ ಸಾಲುಗಳಿಗೆ ಮಾತ್ರ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಎರಚುವ ಪದ್ಧತಿಯಿತ್ತು. ನೀಲಿಯಾಗಿ ಕಾಣುವ ಹಣ್ಣನ್ನು ವಿಷವೆಂದು ಹೆದರಿ ಯಾರೂ ಮುಟ್ಟುತ್ತಿರಲಿಲ್ಲ. ಬೂಷ್ಟುರೋಗದಿಂದ ಒಳಗಿನ ಸಾಲುಗಳ ಎಲೆಯೆಲ್ಲ ಉದುರಿಹೋದ ವರ್ಷದಲ್ಲಿ ಈ ಕಳ್ಳರಿಗಾಗಿ ಬಳಿದ ಸಾಲುಗಳು ಮಾತ್ರ ಹಸುರಾಗಿರುವುದನ್ನು ಮಿಲ್ಲಾರ್ದೆಯವರು ಗಮನಿಸಿದರು. ಅದನ್ನೇ ಪರೀಕ್ಷಿಸಿ, ಪ್ರಮಾಣ ಕಟ್ಟಿ, 1885ರಲ್ಲಿ ಪ್ರಕಟಪಡಿಸಿದರು. ಅದೇ ಬೋರ್ಡೋ ದ್ರಾವಣ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಇದನ್ನೇ ಪ್ರಯೋಗಿಸಿ ಪ್ರಚಾರಕ್ಕೆ ತಂದರು. ಅಡಕೆಯ ಗೊನೆಗೆ ಕೊಟ್ಟೆ ಕಟ್ಟುವುದಕ್ಕೆ ಬದಲಾಗಿ ಔಷಧ ಹೊಡೆಯುವುದು ರೂಢಿಗೆ ಬಂದುದು ಹೀಗೆ. ಜುರಾದ ಹಳ್ಳಿಯಲ್ಲಿ ಹುಟ್ಟಿದವನೊಬ್ಬನ ಕಣ್ಣು ದ್ರಾಕ್ಷಿಯ ಸಾಲಿನ ಮೇಲೆ ಬಿದ್ದುದರ ಫಲ ಶಿವಮೊಗ್ಗ, ಚಿಕ್ಕಮಗಳೂರು ಸೀಮೆಗಳ ಅಡಕೆತೋಟಗಳಿಗೂ ದೊರಕಿತು.

ಕಸಿಯಿಂದ ಜುರಾ ತೋಟಗಳು ಬದುಕಿದವೆಂದರೂ ಎಲ್ಲವೂ ಬದುಕಲಿಲ್ಲ. ಕಸಿಗೆ ಖರ್ಚು ಹೆಚ್ಚು. ಅದೇ ಕಾಲಕ್ಕೆ ರೈಲುದಾರಿಗಳು ದಕ್ಷಿಣ ಫ್ರಾನ್ಸಿನ ಅಗ್ಗದ ವೈನನ್ನು ಎಲ್ಲ ಊರುಗಳಿಗೂ ಮುಟ್ಟಿಸತೊಡಗಿದವು. ಸಾಧಾರಣ ಸರಕು ಬೆಳೆಯುತ್ತಿದ್ದ ಬೆಟ್ಟದ ತೋಟಗಳು ಈ ಪೈಪೋಟಿಯಲ್ಲಿ ನಿಲ್ಲಲಾರದೆ ಹಾಳುಬಿದ್ದು, ಪೊದೆ ಬೆಳೆದು ಕಾಡಾದವು. ಬೇರೆಲ್ಲಿಯೂ ಮಾಡಲಾಗದ ಸರಕನ್ನು ಬೆಳೆಯುತ್ತಿದ್ದ ಊರುಗಳು ಮಾತ್ರ ಉಳಿದವು. ಶಾತೋ-ಶಾಲೋನಿನ ಸರಕು ಅಂತಹುದು.

ಅದನ್ನು ಮಾಡುವ ರೀತಿ ವಿಚಿತ್ರವಾಗಿದೆ. ಸಾಮಾನ್ಯವಾಗಿ ಎಲ್ಲ ದೇಶಗಳ ವೈನುಗಾರರೂ ಗಾಳಿಯನ್ನು ಶತ್ರುವೆಂದು ಎಣಿಸುವರು. ಮರದ ಪೀಪಾಯಿಯಲ್ಲಿಟ್ಟ ವೈನು ದಿನೇ ದಿನೇ ಮರದ ಮೂಲಕ ಆವಿಯಾಗಿ ಕಡಿಮೆಯಾಗುವುದರಿಂದ, ಆಗಾಗ ಬೇರೆ ವೈನನ್ನು ಸುರಿದು ಪೀಪಾಯಿಯನ್ನು ಕಂಠದವರೆಗೆ ತುಂಬಿಡುವರು. ಇಲ್ಲವಾದರೆ ಗಾಳಿ ಸೇರಿ ವೈನೆಲ್ಲ ಕಾಡಿಯಾಗಿ, ಎಂದರೆ ವಿನಿಗರ್ ಆಗಿ, ಹೋಗುವುದು. ಶಾತೋ-ಶಾಲೋನಿನವರು ಹಾಗೆ ಮಾಡುವುದೇ ಇಲ್ಲ. ಸವಾನ್ಯಾಂ ದ್ರಾಕ್ಷಿಯ ರಸವನ್ನು ಸಿಹಿಯೆಲ್ಲ ತೀರುವವರೆಗೆ ಹುದುಗೆಬ್ಬಿಸಿ, 228 ಲೀಟರು ಹಿಡಿಯುವ ಹಳೆಯ ಓಕ್ ಮರದ ಪೀಪಾಯಿಗಳಲ್ಲಿ ಸ್ವಲ್ಪ ಜಾಗ ಬಿಟ್ಟು ತುಂಬಿ, ಬಿರಡೆ ಹಾಕಿ ಇಟ್ಟುಬಿಡುವರು. ಆವಿಯಾದುದಕ್ಕೆ ಬದಲಾಗಿ ಒಂದು ಹನಿಯನ್ನೂ ಸೇರಿಸುವಂತಿಲ್ಲ. ಕಾನೂನಿನ ಪ್ರಕಾರ ಕೊಯ್ಲಾದ ವರ್ಷದಿಂದ ಆರನೆಯ ವರ್ಷದ ಡಿಸೆಂಬರ್ 15ನೆಯ ತಾರೀಖಿನವರೆಗೆ ಅದು ಪೀಪಾಯಿಯಲ್ಲಿಯೇ ಇರತಕ್ಕದ್ದು. ಜನ ಇದನ್ನು ಆರು ವರ್ಷ ಮೂರು ತಿಂಗಳೆಂದು ಲೆಕ್ಕ ಹೇಳುವರು.

ಹೀಗಿಟ್ಟ ವೈನಿನ ಮೇಲೆ ಕೆಲವು ತಿಂಗಳಲ್ಲಿ ಒಂದು ತೆಳುವಾದ ಬೂದುಬಣ್ಣದ ಪೊರೆ ಕಟ್ಟುತ್ತದೆ. ಕಾಯಿಸಿ ಆರಿಸಿದ ಹಾಲಿನ ಮೇಲೆ ಕೆನೆ ಕಟ್ಟುವಂತೆ ನೋಟಕ್ಕೆ ಕಾಣುವುದು. ಆದರೆ ಇದು ಜೀವವುಳ್ಳದ್ದು. ರಸವನ್ನು ಹುದುಗೆಬ್ಬಿಸುವ ಯೀಸ್ಟ್ ಎಂಬ ಅಣುಜೀವಿಗಳೇ ಮೇಲೆ ತೇಲಿ ಒಂದಕ್ಕೊಂದು ಅಂಟಿಕೊಂಡು ಈ ಪೊರೆಯಾಗುವುವು. ಮೇಲಿನಿಂದ ಇಳಿಯುವ ಗಾಳಿಯ ಆಮ್ಲಜನಕವನ್ನು ಅವು ತಾವೇ ಉಪಯೋಗಿಸಿಕೊಂಡು, ಕೆಳಗಿನ ವೈನನ್ನು ಕಾಡಿಯಾಗದಂತೆ ಕಾಯುವುವು. ಕಾಯುತ್ತಲೇ ವೈನಿನ ಗುಣವನ್ನೂ ಬದಲಿಸುವುವು. ಬಿಳಿಯ ವೈನು ವರ್ಷಗಳು ಕಳೆದಂತೆ ಹೊಂಬಣ್ಣಕ್ಕೆ ತಿರುಗುವುದು. ಇದರಿಂದಲೇ ಜುರಾದಲ್ಲಿ ಈ ಬಗೆಯ ವೈನಿಗೆ ಹಳದಿ ವೈನೆಂದು ಹೆಸರು. ಅದರ ವಾಸನೆ ಅಕ್ರೋಟಿನಂತೆಯೂ ಸಾಂಬಾರಪುಡಿಯಂತೆಯೂ ಇರುವುದೆಂದು ಬಲ್ಲವರು ಹೇಳುವರು. ರಸಾಯನಶಾಸ್ತ್ರಜ್ಞರು ಇದಕ್ಕೆ ಕಾರಣವಾದ ಪದಾರ್ಥವನ್ನು ಬೇರ್ಪಡಿಸಿ ಸೋಟೋಲಾನ್ ಎಂದು ಹೆಸರಿಟ್ಟಿದ್ದಾರೆ. ಮೆಂತ್ಯಕ್ಕೆ ಅದರದೇ ಆದ ವಾಸನೆಯನ್ನು ಕೊಡುವ ಪದಾರ್ಥವೂ ಇದೇ ಆಗಿದೆ. ಆದ್ದರಿಂದ ಜುರಾದ ಹಳದಿ ವೈನಿನ ಪರಿಮಳವನ್ನು ಊಹಿಸಲು ಯಾರೂ ಫ್ರಾನ್ಸಿಗೆ ಹೋಗಬೇಕಾಗಿಲ್ಲ. ಅಡುಗೆಮನೆಯಲ್ಲಿ ಮೆಂತ್ಯ ಹುರಿಯುವಾಗ ಬಾಗಿಲ ಬಳಿ ನಿಂತರೆ ಸಾಕು.

ಅಣುಜೀವಿಗಳ ಶಾಸ್ತ್ರಕ್ಕೆ ತಳಹದಿ ಹಾಕಿದವರಲ್ಲಿ ಒಬ್ಬರಾದ ಲೂಯಿ ಪಾಶ್ಚರ್ ಅವರು ಈ ಸೀಮೆಯವರೇ. ಅವರು 1822ರಲ್ಲಿ ಜುರಾದ ದೋಲ್ ಪಟ್ಟಣದಲ್ಲಿ ಹುಟ್ಟಿ, ಶಾತೋ-ಶಾಲೋನಿಗೆ ಹೆಚ್ಚು ದೂರವಲ್ಲದ ಆರ್ಬ್ವಾ ಎಂಬ ಊರಿನಲ್ಲಿ ಬೆಳೆದರು. ವೈನು ಏಕೆ ಕೆಡುತ್ತದೆಂಬ ಪ್ರಶ್ನೆಯನ್ನು ಹಿಡಿದು ಆರ್ಬ್ವಾದಲ್ಲಿ ಸ್ಥಳೀಯ ವೈನುಗಳನ್ನು ಸೂಕ್ಷ್ಮದರ್ಶಕ ಯಂತ್ರದಲ್ಲಿ ಪರೀಕ್ಷಿಸಿ, 1866ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಹಾಲನ್ನು ಹದವಾಗಿ ಕಾಯಿಸಿ ಕೆಡದಂತೆ ಮಾಡುವ ವಿಧಾನಕ್ಕೆ ಅವರ ಹೆಸರೇ ನಿಂತಿರುವುದು ಎಲ್ಲರಿಗೂ ತಿಳಿದದ್ದೇ; ಆ ವಿಧಾನವನ್ನು ಅವರು ಮೊದಲು ಯೋಚಿಸಿದ್ದು ವೈನಿಗಾಗಿ.

ಪೊರೆ ಕಾಯುತ್ತದೆಂದು ಬೆಳೆಗಾರನು ನಿಶ್ಚಿಂತೆಯಾಗಿ ಮಲಗುವಂತಿಲ್ಲ. ಕೆಲವು ಪೀಪಾಯಿಗಳಲ್ಲಿ ಪೊರೆ ಕಟ್ಟುವುದೇ ಇಲ್ಲ, ಕೆಲವದರಲ್ಲಿ ನಡುವೆ ಹರಿದು ಮುಳುಗುತ್ತದೆ. ಪಕ್ಕಪಕ್ಕದ ಎರಡು ಪೀಪಾಯಿಗಳು, ಒಂದೇ ತೋಟದ ರಸ, ಒಂದೇ ದಿನ ತುಂಬಿದ್ದು. ಒಂದು ಹೊನ್ನಾಗುವುದು, ಇನ್ನೊಂದು ಹುಳಿಯಾಗುವುದು. ಆದ್ದರಿಂದ ಆಗಾಗ ಪ್ರತಿ ಪೀಪಾಯಿಯಿಂದಲೂ ಸ್ವಲ್ಪ ತೆಗೆದು ಪ್ರಯೋಗಶಾಲೆಗೆ ಕಳುಹಿಸಿ, ಕಾಡಿಯ ಹುಳಿ ಏರುತ್ತಿದೆಯೇ ಎಂದು ನೋಡಿಸುವರು. ಏರುತ್ತಿರುವ ಪೀಪಾಯಿಯನ್ನು ಸಕಾಲದಲ್ಲಿ ಹಿಂದೆಗೆದು, ಆ ಸರಕನ್ನು ಕಡಿಮೆ ದರ್ಜೆಯದಾಗಿ ಬೇರೆ ವಿಧದಲ್ಲಿ ವಿಲೇವಾರಿ ಮಾಡುವರು. ಇನ್ನೊಂದು ವಿಶೇಷವೆಂದರೆ, ಬೇರೆ ವೈನುಗಳಿಗೆ ವರ್ಷವೆಲ್ಲ ಒಂದೇ ತಂಪಿರುವ ನೆಲಮಾಳಿಗೆ ಬೇಕು. ಹಳದಿ ವೈನಿಗೆ ಬೇಸಗೆಯ ಸೆಕೆಯೂ ಚಳಿಗಾಲದ ಶೀತವೂ ತಾಗುವಂತಹ, ಗಾಳಿಯಾಡುವ ಉಗ್ರಾಣವನ್ನು ಅನೇಕರು ಬಯಸುವರು. ಋತುಗಳಿಗೆ ತಕ್ಕಂತೆ ಪೊರೆ ದಪ್ಪವಾಗುವುದೂ ತೆಳುವಾಗುವುದೂ ಆಗಬೇಕೆಂಬುದು ಅವರ ಅನುಭವ.

ಆರು ವರ್ಷ ಮುಗಿದು ಪೀಪಾಯಿಯನ್ನು ತೆರೆದಾಗ, ಇಟ್ಟ ಒಂದು ಲೀಟರಿಗೆ ಸ್ಥೂಲವಾಗಿ 62 ಸೆಂಟಿಲೀಟರು ಮಾತ್ರ ಉಳಿದಿರುತ್ತದೆಂದು ಅಲ್ಲಿಯ ಜನರ ಲೆಕ್ಕ. ಇದಕ್ಕೆ ಸರಿಯಾಗಿಯೇ ಸೀಸೆ. ಇತರ ವೈನುಗಳ ಸೀಸೆ 75 ಸೆಂಟಿಲೀಟರಿನದಾದರೆ, ಹಳದಿ ವೈನಿನ ಸೀಸೆ ಚೌಕಭುಜದ, ಗಿಡ್ಡಾದ, 62 ಸೆಂಟಿಲೀಟರು ಹಿಡಿಯುವ ಬೇರೆಯೇ ಆಕಾರದ್ದು. ಅದಕ್ಕೆ ಕ್ಲಾವ್ಲೆನ್ ಎಂದು ಹೆಸರು. ಹೀಗೆ ಸೀಸೆಗೆ ಇಳಿದ ವೈನು ಹತ್ತಾರು ವರ್ಷ ಕೆಡದೆ ನಿಲ್ಲುವುದು. 1774ನೆಯ ಇಸವಿಯ ಜುರಾ ಹಳದಿ ವೈನಿನ ಒಂದು ಸೀಸೆ 2018ರಲ್ಲಿ ಲೋನ್ಸ್-ಲೆ-ಸೋನಿಯೆಯಲ್ಲಿ 1,03,700 ಯೂರೋಗಳಿಗೆ ಹರಾಜಾಯಿತು. ಇಂತಹ ಹರಾಜು ಹಣವಂತರ ವಿನೋದವೆಂದು ಬಿಟ್ಟುಬಿಡಬಹುದು. ಬೆಳೆಗಾರನಿಗೆ ಅದರಿಂದ ಬಂದ ಲಾಭವೇನೂ ಇಲ್ಲ.

ಬೆಳೆಗಾರನಿಗೆ ಲಾಭವಿರುವುದು ಹೆಸರಿನಲ್ಲಿ. ಇಪ್ಪತ್ತನೆಯ ಶತಮಾನದ ಮೊದಲಿನಲ್ಲಿ ಫ್ರಾನ್ಸಿನ ವರ್ತಕರು ಎಲ್ಲಿಂದಲೋ ಕೊಂಡ ಅಗ್ಗದ ಸರಕಿಗೆ ಪ್ರಸಿದ್ಧವಾದ ಊರುಗಳ ಹೆಸರು ಅಂಟಿಸಿ ಮಾರುವುದು ಅತಿಯಾಯಿತು. 1911ರಲ್ಲಿ ಶಾಂಪೇನ್ ಸೀಮೆಯ ರೈತರು ಇದೇ ಕಾರಣಕ್ಕೆ ದಂಗೆಯೆದ್ದು ಉಗ್ರಾಣಗಳನ್ನು ಒಡೆದು ಪೀಪಾಯಿಗಳನ್ನು ಬೀದಿಗೆ ಹರಿಸಿದರು. 1905 ಮತ್ತು 1919ರ ಕಾನೂನುಗಳಾದ ಮೇಲೆ, 1935ರಲ್ಲಿ ಒಂದು ಪೂರ್ಣ ವ್ಯವಸ್ಥೆ ಏರ್ಪಟ್ಟಿತು: ಇಂತಹ ಹೆಸರಿನ ವೈನು ಇಂತಿಂತಹ ಗ್ರಾಮಗಳ ಇಂತಹ ಸರ್ವೆ ನಂಬರುಗಳಲ್ಲಿ, ಇಂತಹ ಜಾತಿಯ ಬಳ್ಳಿಯಿಂದ, ಇಂತಹ ರೀತಿಯಲ್ಲಿಯೇ ತಯಾರಾಗತಕ್ಕದ್ದೆಂದು ನಿಯಮ. 1936ರ ಮೇ ತಿಂಗಳಲ್ಲಿ ಶಾತೋ-ಶಾಲೋನಿಗೆ ಈ ರಕ್ಷಣೆ ದೊರಕಿತು. ಮೂಲ ಗ್ರಾಮವಲ್ಲದೆ ನೆರೆಯ ಮೆನೆತ್ರ್ಯು, ನೆವೀ, ದೋಂಬ್ಲಾಂ ಎಂಬ ಮೂರು ಗ್ರಾಮಗಳ ಕೆಲವು ಇಳಿಜಾರುಗಳಿಗೂ ಈ ಹೆಸರು ಸಲ್ಲುವುದು. ಬಯಲಿನ ಭೂಮಿಗೆ ಸಲ್ಲುವುದಿಲ್ಲ.

ಕಾನೂನು ಹೊರಗಿನ ಮೋಸಗಾರನನ್ನು ತಡೆಯಿತು. ಒಳಗಿನ ಆಸೆಯನ್ನು ತಡೆಯುವ ಕೆಲಸವನ್ನು ಊರಿನವರು ತಾವೇ ವಹಿಸಿಕೊಂಡರು. ಪ್ರತಿ ವರ್ಷವೂ ಕೊಯ್ಲಿಗೆ ಮುಂಚೆ ಬೆಳೆಗಾರರೂ ಬಲ್ಲವರೂ ಸೇರಿದ ಸಮಿತಿಯೊಂದು ತೋಟತೋಟಕ್ಕೆ ಹೋಗಿ, ಬಳ್ಳಿಯ ಮೇಲೆ ಎಷ್ಟು ಗೊಂಚಲಿದೆ, ಕಾಯಿ ಪಕ್ವವಾಗಿದೆಯೇ, ಸಕ್ಕರೆ ಸಾಕಷ್ಟಿದೆಯೇ, ಕೊಳೆ ತಾಗಿದೆಯೇ ಎಂದು ಪರಿಶೀಲಿಸುತ್ತದೆ. ಗೊಂಚಲು ಅತಿಯಾಗಿದ್ದರೆ ಆ ತೋಟಕ್ಕೆ ಹೆಸರು ತಪ್ಪುವುದು. ಒಬ್ಬನ ತೋಟವನ್ನು ಇನ್ನೊಬ್ಬನು ನೋಡಿ ಇದು ಆಗದೆಂದು ಹೇಳಬೇಕು. ಹೇಳಿದ ಮೇಲೆ ಅದೇ ಊರಿನಲ್ಲಿ, ಅದೇ ಚರ್ಚಿನಲ್ಲಿ, ಅದೇ ಮದುವೆ ಮುಂಜಿಗಳಲ್ಲಿ ಮುಖ ನೋಡಿಕೊಂಡು ಬಾಳಬೇಕು. ಗ್ರಾಮದ ಮುಖಂಡರಿಗೆ ಇದು ಎಷ್ಟು ಕಷ್ಟವಾದ ಮಾತೆಂದು ವಿವರಿಸಬೇಕಾಗಿಲ್ಲ.

ಹವಾಮಾನ ತೀರ ಪ್ರತಿಕೂಲವಾದ ವರ್ಷಗಳಲ್ಲಿ, ಕೆಟ್ಟ ತೋಟವನ್ನು ಮಾತ್ರ ಬಿಡುವುದಲ್ಲ, ಇಡೀ ಊರೇ ಹೆಸರನ್ನು ಬಿಡುವುದು. ಮೇಲೆ ಹೇಳಿದ ನಾಲ್ಕು ವರ್ಷಗಳಲ್ಲಿ ನಡೆದದ್ದು ಇದೇ. ಹಾಗೆಂದು ದ್ರಾಕ್ಷಿಯನ್ನು ತಿಪ್ಪೆಗೆ ಸುರಿಯಲಿಲ್ಲ. ಇಡೀ ಸೀಮೆಗೆ ಸಾಮಾನ್ಯವಾದ ಕೋತ್-ದ್ಯು-ಜುರಾ ಎಂಬ ಹೆಸರಿನಲ್ಲಿ ಮಾರಲು ಅವಕಾಶವಿದ್ದಿತು. ಆದರೆ ಆ ಹೆಸರಿನ ಬೆಲೆಗೂ ಊರಿನ ಹೆಸರಿನ ಬೆಲೆಗೂ ಬಹಳ ಅಂತರ. ಇದರಲ್ಲಿ ಇನ್ನೊಂದು ಸೂಕ್ಷ್ಮವುಂಟು. 2001ರ ಶರತ್ಕಾಲದಲ್ಲಿ ತೀರ್ಮಾನ ಮಾಡಿದಾಗ ಯಾರ ಪೆಟ್ಟಿಗೆಯೂ ಒಡನೆಯೇ ಬರಿದಾಗಲಿಲ್ಲ, ಏಕೆಂದರೆ ಆಗ ಮಾರಾಟವಾಗುತ್ತಿದ್ದುದು ಏಳು ವರ್ಷ ಹಿಂದಿನ ಸರಕು. 2001ರ ಫಸಲು ಸೀಸೆಯಾಗಿ ಮಾರಾಟಕ್ಕೆ ಬರಬೇಕಾಗಿದ್ದುದು 2008ರ ಜನವರಿಯಲ್ಲಿ. ನಷ್ಟ ಅನುಭವಕ್ಕೆ ಬಂದದ್ದೂ ಆಗಲೇ. ಅಷ್ಟರೊಳಗೆ ಎಷ್ಟೋ ಮನೆಗಳಲ್ಲಿ ಯಜಮಾನಿಕೆ ತಂದೆಯಿಂದ ಮಗನಿಗೆ ಬಂದಿರಬಹುದು. ತಂದೆ ಒಪ್ಪಿದ ತ್ಯಾಗವನ್ನು ಮಗ ತೆರಬೇಕು. ಮಗನ ಕೈಯಲ್ಲಿ ಉಳಿಯುವುದು ಹಿಂದಿನ ವರ್ಷಗಳ ಸರಕು, ಮತ್ತು ಕೊಳ್ಳುವವನಿಗೆ ಆ ಹೆಸರಿನ ಮೇಲೆ ಇರುವ ನಂಬಿಕೆ.

ಏಳು ವರ್ಷ ಹಣ ಕಾಣದ ಬೆಳೆಯೊಂದನ್ನೇ ನಂಬಿದರೆ ಯಾವ ಸಂಸಾರವೂ ನಿಲ್ಲದು. ಅಲ್ಲಿಯ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತು. ಊರಿನ ಹೆಸರಿಗೆ ಮೀಸಲಾದ ಸವಾನ್ಯಾಂ ತೋಟದ ಜೊತೆಗೆ ಬೇರೆ ಇಳಿಜಾರುಗಳಲ್ಲಿ ಶಾರ್ದೊನೆ, ಪೂಲ್ಸಾರ್, ತ್ರೂಸೋ ಮುಂತಾದ ಜಾತಿಗಳನ್ನಿಟ್ಟು, ಬೇಗನೆ ಮಾರಾಟವಾಗುವ ಬಿಳಿ, ಕೆಂಪು, ನೊರೆವೈನುಗಳನ್ನು ಮಾಡುವರು. ಮನೆಯ ವೆಚ್ಚ ಇವುಗಳಿಂದ ನಡೆಯುವುದು. ಹಳದಿ ವೈನು ಗಂಟಿನ ಹಣದಂತೆ ಉಗ್ರಾಣದಲ್ಲಿ ಬೆಳೆಯುವುದು. ಆರು ವರ್ಷದ ಸರಕನ್ನಿಡುವಷ್ಟು ಉಗ್ರಾಣವೂ ಪೀಪಾಯಿಗಳೂ ಇಲ್ಲದ ಸಣ್ಣ ಹಿಡುವಳಿದಾರರಿಗೆ ಸಹಕಾರ ಸಂಘಗಳುಂಟು. ಈ ಸಂಘಗಳನ್ನು ಅಲ್ಲಿ ಫ್ರುಯಿತಿಯೇರ್ ಎನ್ನುವರು. ಇದು ಮೊದಲು ಹಾಲಿಗೆ ಸಂಬಂಧಪಟ್ಟ ಹೆಸರು: ಕೋಂತೆ ಎಂಬ ದೊಡ್ಡ ಚಕ್ರದಂತಹ ಚೀಸನ್ನು ಮಾಡಲು ಒಂದು ಮನೆಯ ಹಾಲು ಸಾಲದಾದ್ದರಿಂದ, ಜುರಾದ ಹಳ್ಳಿಗರು ಬಹು ಹಿಂದಿನಿಂದಲೇ ಊರಿನ ಹಾಲನ್ನೆಲ್ಲ ಒಂದೆಡೆ ಕೂಡಿಸಿ ಚೀಸು ಮಾಡಿ ಲಾಭವನ್ನು ಹಾಲಿನ ಪ್ರಮಾಣಕ್ಕೆ ಸರಿಯಾಗಿ ಹಂಚಿಕೊಳ್ಳುತ್ತಿದ್ದರು. ಅದೇ ಪದ್ಧತಿಯನ್ನು ದ್ರಾಕ್ಷಿಗೂ ತಂದು, 1906ರಲ್ಲಿ ಆರ್ಬ್ವಾದಲ್ಲಿಯೂ, 1957ರಲ್ಲಿ ಶಾತೋ-ಶಾಲೋನಿನ ಬೆಟ್ಟದ ಬುಡದಲ್ಲಿರುವ ವ್ವಾತೂರ್ ಗ್ರಾಮದಲ್ಲಿಯೂ ವೈನಿನ ಸಂಘಗಳನ್ನು ಸ್ಥಾಪಿಸಿದರು. ಹಾಲಿನ ಸಂಘದಲ್ಲಿ ಒಗ್ಗಿದ ಜನರಾದ್ದರಿಂದ ತೋಟದ ಸಮಿತಿಯ ಮಾತಿಗೂ ತಲೆಬಾಗುವುದು ಅವರಿಗೆ ಹೊಸದಾಗಿ ತೋರಲಿಲ್ಲವೆಂದು ಹೇಳಬಹುದು.

ಹೆಸರಿನ ರಕ್ಷಣೆಯೆಂಬುದು ಈಗ ಕನ್ನಡನಾಡಿಗೂ ಬಂದಿದೆ. ಭಾರತದಲ್ಲಿ 1999ರಲ್ಲಿ ಅಂಗೀಕೃತವಾದ ಭೌಗೋಳಿಕ ಸೂಚಕಗಳ ಕಾನೂನಿನ ಕೆಳಗೆ ನಂಜನಗೂಡಿನ ರಸಬಾಳೆ, ಮೈಸೂರಿನ ವೀಳ್ಯದೆಲೆ, ಕೊಡಗಿನ ಕಿತ್ತಳೆ, ಬೆಂಗಳೂರು ನೀಲಿ ದ್ರಾಕ್ಷಿ ಇವೆಲ್ಲ ದಾಖಲಾಗಿವೆ. ಆದರೆ ರಸಬಾಳೆಯ ಹೆಸರು ದಾಖಲಾಗುವ ಹೊತ್ತಿಗೆ ಪನಾಮಾ ಸೊರಗುರೋಗದಿಂದ ರಸಬಾಳೆಯ ತೋಟಗಳೇ ಬಹುಮಟ್ಟಿಗೆ ನಶಿಸಿದ್ದವು. ಕಾಗದದ ಮೇಲೆ ಹೆಸರು ಉಳಿಯುವುದು ಸುಲಭ. ಗದ್ದೆಯಲ್ಲಿ ಉಳಿಯುವುದಕ್ಕೆ ರೋಗವಿಲ್ಲದ ಕಂದು ಬೇಕು, ಅದನ್ನು ತನಿಖೆ ಮಾಡುವವರು ಬೇಕು, ನೆರೆಯವನ ಗದ್ದೆಯಲ್ಲಿ ರೋಗ ಕಂಡರೆ ಬಾಯಿಬಿಟ್ಟು ಹೇಳುವವರು ಬೇಕು. ದ್ರಾಕ್ಷಿಯ ವಿಷಯದಲ್ಲಿಯೂ ಫ್ರಾನ್ಸಿನ ಪಾಠ ಈ ಕಡೆಗೆ ಸಂಬಂಧವಿಲ್ಲದ್ದಲ್ಲ. ಉಪ್ಪುನೀರಿನ ಭೂಮಿಗಳಲ್ಲಿ ದ್ರಾಕ್ಷಿ ಬೆಳೆಯುವವರು ಕಸಿ ಕಟ್ಟಲು ಉಪಯೋಗಿಸುವ ಡಾಗ್‌ರಿಜ್ ಎಂಬ ಬೇರುಜಾತಿ, ಟೆಕ್ಸಾಸಿನ ಕಾಡುದ್ರಾಕ್ಷಿಗಳಿಂದಲೇ ಬಂದದ್ದು.

ಈಚಿನ ವರ್ಷಗಳಲ್ಲಿ ಜುರಾದವರ ಚಿಂತೆ ಹೇನಲ್ಲ, ಹವಾಮಾನ. ಚಳಿಗಾಲ ಬೇಗ ಸಡಿಲವಾಗಿ ಬಳ್ಳಿ ಮುಂಚಿತವಾಗಿ ಚಿಗುರುವುದು; ಚಿಗುರಿದ ಮೇಲೆ ಒಂದು ರಾತ್ರಿ ನೀರು ಹೆಪ್ಪುಗಟ್ಟುವಂತಹ ಚಳಿ ಬಂದು ಎಳೆಯ ಕುಡಿಗಳೆಲ್ಲ ಕರಿದಾಗುವುವು. 2017ರಲ್ಲಿ ಹೀಗಾಯಿತು, 2021ರ ಏಪ್ರಿಲಿನಲ್ಲಿ ಇನ್ನೂ ಘೋರವಾಗಿ ಆಯಿತು. ಬೇಗ ಚಿಗುರುವ ಶಾರ್ದೊನೆಗೆ ಹೆಚ್ಚು ಪೆಟ್ಟು ಬೀಳುವುದರಿಂದ ಮನೆಯ ವೆಚ್ಚ ನಡೆಸುವ ವೈನೇ ಮೊದಲು ಕೈತಪ್ಪುವುದು. ಚಾಟನಿಯನ್ನು ತಡಮಾಡಿ ಚಿಗುರನ್ನು ಹಿಂದಕ್ಕೆ ಹಾಕುವುದು, ರಾತ್ರಿಯೆಲ್ಲ ಸಾಲುಗಳ ನಡುವೆ ಬೆಂಕಿ ಇಡುವುದು ಮುಂತಾದ ಉಪಾಯಗಳನ್ನು ಫ್ರಾನ್ಸಿನ ಬೆಳೆಗಾರರು ಮಾಡಿನೋಡುತ್ತಿದ್ದಾರೆ. 2021ರ ಅಲ್ಪ ಫಸಲಿನಿಂದ ಜುರಾದ ಯಾವ ಮನೆಯಲ್ಲಿ ಹಳದಿ ವೈನು ಪೀಪಾಯಿ ಸೇರಿದ್ದರೂ, ಅದರ ಮೊದಲ ಸೀಸೆ 2028ನೆಯ ಇಸವಿಯ ಜನವರಿಗೆ ಮುಂಚೆ ಅಂಗಡಿಗೆ ಬರುವಂತಿಲ್ಲ.